ಗಂಗಾಮೂಲದ ಮಗಳು ಕೇಳಿದ ಪ್ರಶ್ನೆ

ನಾನು ಐದನೇ ಕ್ಲಾಸಿನಲ್ಲಿದ್ದಾಗ ಮನೆಮಂದಿಯೆಲ್ಲ ಸೇರಿ ಕುಮಾರಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಯಶವಂತನಗರದ ನಮ್ಮ ಮನೆಯ ಹಿತ್ತಲಿನಿಂದ ನೋಡಿದರೆ ಸಂಡೂರಿನ ಗುಡ್ಡಗಳು ಗೋಡೆಯ ಹಾಗೆ ಕಾಣುತ್ತವೆ. ಅದಿರು ಲಾರಿಗಳು ಎಬ್ಬಿಸಿದ ಕೆಂಪು ದೂಳು ರಸ್ತೆಯ ಎರಡೂ ಬದಿಯ ಗಿಡಗಳ ಮೇಲೆ ಕೂತಿರುತ್ತದೆ. ಆ ದೂಳು ದಾಟಿ ಮೇಲೆ ಹತ್ತಿದರೆ ಕಾಡು, ತಂಪು, ಹಳೆಯ ಕಲ್ಲಿನ ಗುಡಿಗಳು. ಅಪ್ಪ, ಅಣ್ಣ, ಕಾಕಾ ಕುಮಾರಸ್ವಾಮಿಯ ಗುಡಿಯೊಳಗೆ ಹೋದರು. ಆಜಿ, ಆಯಿ, ನಾನು ಹೊರಗೆ ಪಾರ್ವತಿಯ ಗುಡಿಯ ಕಡೆ ಉಳಿದೆವು.

ನಮ್ಮದು ಘೋರ್ಪಡೆಯವರ ಕಾಲದಿಂದ ಇಲ್ಲೇ ಉಳಿದುಕೊಂಡ ಮನೆತನ. ಒಳಗೆ ಅರ್ಧ ಮರಾಠಿ, ಅರ್ಧ ಕನ್ನಡ. ಹೊಸ್ತಿಲು ದಾಟಿದರೆ ಪೂರ್ತಿ ಕನ್ನಡ. ಆ ದಿನ ನಾನು ಅದೇ ಬೆರಕೆ ಮಾತಿನಲ್ಲಿ ಆಜಿಯನ್ನು ಕೇಳಿದೆ.

"ನಾವು ಯಾಕ ಹೋಗಬಾರದು ಆಜಿ?"

"ಸ್ವಾಮಿಗೆ ಅವರವ್ವನ ಮ್ಯಾಲೆ ಸಿಟ್ಟು. ಹೆಂಗಸರ ಮುಖ ನೋಡಂಗಿಲ್ಲ."

"ಹಂಗಂತ ಯಾರು ಹೇಳಿದ್ದು?"

"ಹಿರೇರು."

ಆಜಿಗೆ ಸಿಟ್ಟು ಬಂದಿರಲಿಲ್ಲ, ಬೇಸರವೂ ಆಗಿರಲಿಲ್ಲ. ಅವಳ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು. ಚೀಲದಿಂದ ಚುರಮುರಿ ತೆಗೆದು ನನ್ನ ಕೈಗೆ ಹಾಕಿದಳು.

ಹದಿನೈದು ವರ್ಷಗಳ ಮೇಲೆ, ಬಳ್ಳಾರಿ ಸೀಮೆಯ ಬರಗಾಲಗಳು ಮತ್ತು ಹೆಂಗಸರ ಬದುಕು ಎಂಬ ವಿಷಯ ಹಿಡಿದು ಪಿಎಚ್‌ಡಿಗೆ ಸೇರಿದಾಗ, ಇದೇ ಪ್ರಶ್ನೆಯನ್ನು ಬದುಕಿಡೀ ಕೇಳಿದ ಹೆಣ್ಣೊಬ್ಬಳು ನನಗೆ ಸಿಕ್ಕಳು. ಅವಳ ಹೆಸರು ನಿಮಗೂ ಗೊತ್ತು: ಪಂಡಿತಾ ರಮಾಬಾಯಿ. ಶಾಲೆಯ ಪುಸ್ತಕದಲ್ಲಿ ಆಕೆ ಒಂದು ಸಾಲು. ಸಮಾಜ ಸುಧಾರಕಿ, ವಿಧವೆಯರಿಗಾಗಿ ಶಾರದಾ ಸದನ ಸ್ಥಾಪಿಸಿದವರು, ಮಹಾರಾಷ್ಟ್ರ. ಪರೀಕ್ಷೆಗೆ ಅಷ್ಟು ಸಾಕಿತ್ತು. ಆಕೆ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಆಕೆಗೆ ಕನ್ನಡ ಬರುತ್ತಿತ್ತು, ಕೊನೆಗಾಲದಲ್ಲಿ ಆಕೆಯ ಸಂಸ್ಥೆಯ ಒಂದು ಕೊಂಬೆ ಗುಲ್ಬರ್ಗದವರೆಗೆ ಚಾಚಿತ್ತು ಎಂಬುದು ನನಗೆ ತಿಳಿದದ್ದು ಬರಗಾಲದ ಕಡತಗಳ ನಡುವೆ ಆಕೆಯ ಬರಹ ಓದಲು ಕೂತ ಮೇಲೆ.

ಕಥೆ ಶುರುವಾಗುವುದು ಆಕೆಯ ತಂದೆಯಿಂದ. ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಬಳಿಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಓದಲು ಪುಣೆಗೆ ಹೋಗಿದ್ದಾಗ ಅವರ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸಿನ ಬಾಯಲ್ಲಿ ಸಂಸ್ಕೃತ ಶ್ಲೋಕ ಕೇಳಿದ ಆ ಹುಡುಗ ಬೆರಗಾದ. ನನ್ನ ಹೆಂಡತಿಗೂ ಕಲಿಸಬೇಕು ಎಂದುಕೊಂಡ. ಊರಿಗೆ ಬಂದು ಪ್ರಯತ್ನಿಸಿದಾಗ ಮೊದಲ ಹೆಂಡತಿಗೂ ಮನೆಯ ಹಿರಿಯರಿಗೂ ಅದು ಒಪ್ಪಿಗೆಯಾಗಲಿಲ್ಲ. ಆಕೆ ತೀರಿಕೊಂಡ ಮೇಲೆ, ನಲವತ್ತು ದಾಟಿದ ಶಾಸ್ತ್ರಿಗಳಿಗೆ ತೀರ್ಥಯಾತ್ರೆಯ ದಾರಿಯಲ್ಲಿ ಗೋದಾವರಿ ತೀರದ ಪೈಠಣದಲ್ಲಿ ಒಬ್ಬ ಯಾತ್ರಿಕ ತನ್ನ ಒಂಬತ್ತು ವರ್ಷದ ಮಗಳನ್ನು ಧಾರೆಯೆರೆದುಕೊಟ್ಟ. ಆ ಹುಡುಗಿ ಲಕ್ಷ್ಮೀಬಾಯಿ. ಇಂದು ಓದುವಾಗ ಎದೆ ಝಲ್ಲೆನ್ನುವ ಮದುವೆ ಅದು. ಆದರೆ ಆ ಮದುವೆಯಲ್ಲೇ ಶಾಸ್ತ್ರಿಗಳು ಆ ಹುಡುಗಿಗೆ ಅಕ್ಷರ ಕಲಿಸಿದರು, ವ್ಯಾಕರಣ ಕಲಿಸಿದರು, ಭಾಗವತ ಓದಿಸಿದರು.

ಊರು ಸುಮ್ಮನಿರಲಿಲ್ಲ. ಹೆಂಗಸಿಗೆ ದೇವಭಾಷೆ ಕಲಿಸುತ್ತಾನೆಂಬ ದೂರು ಉಡುಪಿಯ ಮಠದವರೆಗೆ ಹೋಯಿತು. ವಿದ್ವಾಂಸರ ಸಭೆಯ ಮುಂದೆ ಶಾಸ್ತ್ರಿಗಳು ನಿಂತು ಉತ್ತರ ಕೊಡಬೇಕಾಯಿತು. ಅವರು ಹೊಸ ಕಾಲದ ಮಾತು ಆಡಲಿಲ್ಲ. ಯಾವ ಗ್ರಂಥಗಳ ಹೆಸರಲ್ಲಿ ತಮ್ಮನ್ನು ಕರೆಸಿದ್ದರೋ ಅದೇ ಗ್ರಂಥಗಳಿಂದ ವಾಕ್ಯಗಳನ್ನು ಎತ್ತಿ, ವೇದ ಬಿಟ್ಟು ಉಳಿದ ಸಂಸ್ಕೃತ ಸಾಹಿತ್ಯವನ್ನು ಹೆಂಗಸರು ಓದಬಾರದೆಂದು ಎಲ್ಲಿದೆ ತೋರಿಸಿ ಎಂದರು. ಸಭೆ ಅವರಿಗೆ ಬಹಿಷ್ಕಾರ ಹಾಕಲಿಲ್ಲ. ಆದರೆ ಸಭೆಯಲ್ಲಿ ಗೆದ್ದವರಿಗೆ ಊರಿನಲ್ಲಿ ನೆಮ್ಮದಿ ಸಿಗುತ್ತದೆಂದೇನಿಲ್ಲ. ಅವರು ಹೆಂಡತಿಯನ್ನು ಕರೆದುಕೊಂಡು ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮ ಕಟ್ಟಿದರು. ಮೊದಲ ರಾತ್ರಿ ಮೇಲೆ ಸೂರಿರಲಿಲ್ಲ. ಹುಲಿ ಗರ್ಜಿಸುತ್ತಿದ್ದರೆ ಲಕ್ಷ್ಮೀಬಾಯಿ ಕೌದಿ ಸುತ್ತಿಕೊಂಡು ನಡುಗುತ್ತ ಮಲಗಿದ್ದರಂತೆ. ರಮಾ ಹುಟ್ಟಿದ್ದು ಅಲ್ಲಿ, 1858ರ ಏಪ್ರಿಲ್‌ನಲ್ಲಿ.

ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಆಶ್ರಮ ಕೈತಪ್ಪಿತು. ಬಂದ ಶಿಷ್ಯರಿಗೂ ಅತಿಥಿಗಳಿಗೂ ಊಟ ಹಾಕಿ ಹಾಕಿ ಶಾಸ್ತ್ರಿಗಳ ಆಸ್ತಿ ಕರಗಿತ್ತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿದರು. ಅಲ್ಲಿಂದ ಮುಂದೆ ಆ ಕುಟುಂಬಕ್ಕೆ ಊರು ಎಂಬುದಿರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ಗುಡಿಯ ಜಗಲಿಯಲ್ಲೋ ಅರಳಿಕಟ್ಟೆಯ ಮೇಲೋ ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ, ಕಾಸಿನಿಂದ ಬದುಕುವುದು. ತಂದೆಗೆ ವಯಸ್ಸಾಗಿ ಕಣ್ಣು ಮಂಜಾದ್ದರಿಂದ ರಮಾಳಿಗೆ ಪಾಠ ಹೇಳಿದ್ದು ತಾಯಿ. ಬೆಳಕು ಹರಿಯುವ ಮುಂಚೆ, ಹಕ್ಕಿ ಕೂಗುವ ಹೊತ್ತಿಗೆ, ಮಗಳನ್ನು ಎಬ್ಬಿಸಿ ತೊಡೆಯ ಮೇಲೆ ಕೂರಿಸಿಕೊಂಡು ಶ್ಲೋಕ ಹೇಳಿಸುತ್ತಿದ್ದರು. ಉಡುಪಿಯ ಸಭೆಯಲ್ಲಿ ಯಾರ ಓದಿನ ಬಗ್ಗೆ ವಾದ ನಡೆದಿತ್ತೋ ಆ ಹೆಣ್ಣು ಈಗ ಇನ್ನೊಬ್ಬ ಹೆಣ್ಣಿಗೆ ಗುರುವಾಗಿದ್ದಳು.

ಬರ ಬಂದದ್ದು ಆಗ. ನಮ್ಮ ಕಡೆ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಹೆಸರು ಹಿಡಿದು ಹೇಳುವ 1876–78ರ ಮಹಾಬರದಲ್ಲಿ ಮದರಾಸು ಪ್ರಾಂತ್ಯದಲ್ಲೇ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಡೋಂಗ್ರೆ ಕುಟುಂಬಕ್ಕೆ ಹಸಿವು ಅದಕ್ಕೂ ಮುಂಚೆಯೇ ಬಂದಿತ್ತು. ಪುರಾಣ ಕೇಳುವವರಿಗೇ ಊಟವಿಲ್ಲದಾಗ ಪೌರಾಣಿಕರಿಗೆ ಯಾರು ಕೊಟ್ಟಾರು? ಕೂಲಿ ಮಾಡಲು ಗೊತ್ತಿಲ್ಲ, ಬೇಡಲು ನಾಚಿಕೆ. ಇದ್ದ ಒಡವೆ, ಪಾತ್ರೆ, ಕೊನೆಗೆ ಮೈಮೇಲಿನ ಒಳ್ಳೆಯ ಬಟ್ಟೆಯನ್ನೂ ಮಾರಿದರು. ದೇವರು ಕೈಬಿಡಲಾರನೆಂದು ತೀರ್ಥಗಳಲ್ಲಿ ಮುಳುಗಿ, ಬ್ರಾಹ್ಮಣರಿಗೆ ದಾನ ಮಾಡಿದರು. ಕಡೆಗೆ ಕಾಡು ಸೇರಿ ಹನ್ನೊಂದು ದಿನ ನೀರು, ಎಲೆ, ಕಾಡು ಹಣ್ಣಿನ ಮೇಲೆ ಬದುಕಿದರು. ಮುದುಕ ತಂದೆ ಜಲಸಮಾಧಿಗೆ ಸಿದ್ಧರಾದಾಗ ಮಗ ಶ್ರೀನಿವಾಸ ಜಾತಿಯ ಅಭಿಮಾನ ಬಿಟ್ಟು ಕೂಲಿ ಮಾಡುತ್ತೇನೆಂದು ತಡೆದ. ಅದೂ ತಡವಾಗಿತ್ತು. 1874ರಲ್ಲಿ ತಂದೆ ಹೋದರು, ಕೆಲವೇ ವಾರಗಳಲ್ಲಿ ತಾಯಿ ಹೋದರು, ಆಮೇಲೆ ಅಕ್ಕ.

ತಾಯಿಯ ಸಾವಿನ ಪ್ರಸಂಗವನ್ನು ರಮಾಬಾಯಿ 1907ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಸಣ್ಣ ಆತ್ಮಕಥನದಲ್ಲಿ ಹೇಳುತ್ತಾರೆ. ಹೊರಲು ಜನ ಸಿಗಲಿಲ್ಲ. ಅಂತೂ ಇಬ್ಬರು ಬ್ರಾಹ್ಮಣರು ಒಪ್ಪಿದರು. ಶ್ರೀನಿವಾಸ ಮೂರನೆಯವ. ನಾಲ್ಕನೆಯ ಹೆಗಲು ರಮಾಳದು. ಎತ್ತರ ಸಾಲದ್ದರಿಂದ ಆ ಹುಡುಗಿ ಚಟ್ಟದ ತುದಿಯನ್ನು ತಲೆಯ ಮೇಲಿಟ್ಟುಕೊಂಡು ನಡೆದಳು. ಹೆಣ್ಣುಮಕ್ಕಳು ಹೆಣಕ್ಕೆ ಹೆಗಲು ಕೊಡಬಾರದು ಎಂಬ ನಿಯಮವನ್ನು ಅವಳು ವಾದ ಮಾಡಿ ಮುರಿಯಲಿಲ್ಲ. ನಿಯಮ ಹೇಳುವವರು ಯಾರೂ ಬಂದಿರಲಿಲ್ಲ, ಅಷ್ಟೆ. ನಾನು ಬರಗಾಲದ ಸರ್ಕಾರಿ ವರದಿಗಳನ್ನು ಓದುತ್ತ ಎಷ್ಟೋ ತಿಂಗಳು ಕಳೆದಿದ್ದೇನೆ. ಗಂಜಿಕೇಂದ್ರಗಳ ಲೆಕ್ಕ, ಜೋಳದ ಧಾರಣೆ, ಸತ್ತವರ ಅಂದಾಜು ಎಲ್ಲ ಅಲ್ಲಿವೆ. ಬರದಲ್ಲಿ ಒಂದು ಹುಡುಗಿಯ ನಂಬಿಕೆ ಹೇಗೆ ಕಳಚಿತು ಎಂಬುದನ್ನು ತಿಳಿಯಲು ಈ ಪುಟಗಳಿಗೇ ಬರಬೇಕಾಯಿತು.

ಅಣ್ಣ ತಂಗಿ ಬಡಕಲು ಮೈಯಲ್ಲಿ ಉತ್ತರಕ್ಕೆ ನಡೆದರು. 1878ರಲ್ಲಿ ಕಲ್ಕತ್ತ ತಲುಪಿದಾಗ ಇಪ್ಪತ್ತರ ಹರೆಯದ ಮದುವೆಯಾಗದ ಬ್ರಾಹ್ಮಣ ಹುಡುಗಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ದಂಗಾದರು. ಪರೀಕ್ಷಿಸಿ "ಪಂಡಿತಾ", "ಸರಸ್ವತಿ" ಎಂಬ ಬಿರುದು ಕೊಟ್ಟರು. ಬ್ರಾಹ್ಮ ಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿಟ್ಟು ಓದಲು ಹೇಳಿದಾಗ ರಮಾಬಾಯಿ ಹಿಂಜರಿದರು. ಅಪ್ಪ ಉಡುಪಿಯಲ್ಲಿ ಗೆದ್ದದ್ದು ವೇದದ ಹೊಸ್ತಿಲವರೆಗೆ ಮಾತ್ರ. ಅದರಾಚೆಗಿನದು ಹೆಂಗಸರಿಗಲ್ಲ ಎಂಬುದನ್ನು ಅವರೂ ಒಪ್ಪಿದ್ದರು. ಮಗಳು ಆ ಹೊಸ್ತಿಲು ದಾಟಿದಳು. ಧರ್ಮಶಾಸ್ತ್ರಗಳನ್ನು ಓದಿದಾಗ ಅವರಿಗೆ ಕಂಡದ್ದು ಒಂದೇ: ಈ ಗ್ರಂಥಗಳು ನೂರು ವಿಷಯಗಳಲ್ಲಿ ಒಂದಕ್ಕೊಂದು ಒಪ್ಪುವುದಿಲ್ಲ, ಹೆಂಗಸರನ್ನೂ ಶೂದ್ರರನ್ನೂ ಕೀಳೆನ್ನುವುದರಲ್ಲಿ ಮಾತ್ರ ಒಪ್ಪುತ್ತವೆ.

ಅಣ್ಣ 1880ರಲ್ಲಿ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ವಕೀಲರನ್ನು ಜಾತಿ ಮೀರಿ ನೋಂದಣಿ ಮದುವೆಯಾದರು. ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾಕ್ಕೆ ಗಂಡ ಬಲಿಯಾದರು. ಇಪ್ಪತ್ಮೂರರ ವಿಧವೆ, ಕೈಯಲ್ಲಿ ಹಸುಗೂಸು. ಅವರು ಪುಣೆಗೆ ಬಂದು ಅದೇ ವರ್ಷ ಆರ್ಯ ಮಹಿಳಾ ಸಮಾಜ ಕಟ್ಟಿದರು. ಹೆಂಗಸರೇ ಸೇರಿ ಹೆಂಗಸರ ವಿಷಯ ಮಾತಾಡುವ ಸಂಘ ಅದು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ಹೇಳಲು ಕರೆ ಬಂದಾಗ, ಓದಿದ ಗಂಡಸರಲ್ಲೇ ಬಹುಪಾಲು ಜನ ಹೆಣ್ಣುಮಕ್ಕಳ ಓದಿಗೆ ವಿರುದ್ಧ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಹೆಂಗಸರಿಗೆ ಹೆಂಗಸರೇ ಡಾಕ್ಟರಾಗಬೇಕು, ಟೀಚರಾಗಬೇಕು ಎಂದು ವಾದಿಸಿದರು. ಸಾಕ್ಷಿ ಹೇಳಿದ್ದು ಮರಾಠಿಯಲ್ಲಿ. ಆ ಪುಟಗಳನ್ನು ಆಜಿಗೆ ಓದಿ ಹೇಳಿದಾಗ ಅವಳು ನಕ್ಕು, "ಈ ಬಾಯಿಗೆ ಅಂಜಿಕೇನೇ ಇಲ್ಲ" ಎಂದಳು.

ವೈದ್ಯೆಯಾಗಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ ಅಲ್ಲಿ, ವಾಂಟೇಜ್ ಎಂಬ ಊರಿನ ಸಂನ್ಯಾಸಿನಿಯರ ಮಠದಲ್ಲಿ, ಸೆಪ್ಟೆಂಬರ್ 29ರಂದು ಮಗಳೊಂದಿಗೆ ಕ್ರೈಸ್ತರಾದರು. ಪುಣೆಯಲ್ಲಿ ಗದ್ದಲವೆದ್ದಿತು. ನಿನ್ನೆಯವರೆಗೆ ಸರಸ್ವತಿಯೆಂದು ಹೊಗಳಿದವರು ದ್ರೋಹಿಯೆಂದರು. ಆಕೆಯ ಪರವಾಗಿ ಬರೆದ ಕೆಲವೇ ಜನರಲ್ಲಿ ಜ್ಯೋತಿಬಾ ಫುಲೆ ಒಬ್ಬರು.

ನನಗೆ ಹೆಚ್ಚು ಬೇಕಾದ ಭಾಗ ಇದರ ನಂತರದ್ದು. ಮತ ಬದಲಿಸಿದವರ ಕಥೆಗಳನ್ನು ನಾವು ಸಾಮಾನ್ಯವಾಗಿ ದೀಕ್ಷೆಯ ಹತ್ತಿರ ನಿಲ್ಲಿಸುತ್ತೇವೆ. ಬಯ್ಯುವವರೂ ಹೊಗಳುವವರೂ ಅಲ್ಲೇ ನಿಲ್ಲುತ್ತಾರೆ. ರಮಾಬಾಯಿಯ ಜಗಳ ಶುರುವಾದದ್ದೇ ದೀಕ್ಷೆಯ ಮೇಲೆ. ಅವರು ಮಾಂಸ ಮುಟ್ಟಲಿಲ್ಲ. ಮೊಟ್ಟೆ ಹಾಕಿದ ಪುಡಿಂಗ್ ಕೂಡ ತಿನ್ನಲಿಲ್ಲ. ಇದು ಜಾತಿಯ ಅಹಂಕಾರದ ಉಳಿಕೆ ಎಂದು ಮಠದ ಸಿಸ್ಟರ್ ಜೆರಾಲ್ಡಿನ್‌ಗೆ ಬೇಸರ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ನಮ್ಮವರಿಗೆ ತಿಳಿಯುವ ಸಂಸ್ಕೃತದಲ್ಲಿ ಬರೆಯಬಾರದೇಕೆ ಎಂದು ರಮಾಬಾಯಿ ಕೇಳಿದರು. ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದಾಗ ಗಂಡುಹುಡುಗರಿಗೂ ಪಾಠ ಹೇಳುವ ಮಾತು ಬಂತು. ಹೆಂಗಸು ಗಂಡಸರಿಗೆ ಪಾಠ ಹೇಳಿದರೆ ಭಾರತದಲ್ಲಿ ಆಕೆಯ ಹೆಸರು ಕೆಡುತ್ತದೆಂದು ಭಾರತದಲ್ಲಿದ್ದ ಬಿಷಪ್ಪರು ಅಡ್ಡಿಪಡಿಸಿದರು. ಅಪ್ಪನ ಜೊತೆ, ಅಣ್ಣನ ಜೊತೆ ಊರೂರು ತಿರುಗಿ ಗಂಡಸರು ತುಂಬಿದ ಸಭೆಗಳಲ್ಲಿ ಪುರಾಣ ಹೇಳಿ ಬೆಳೆದವರಿಗೆ ಈ ಮಾತು!

ಆ ದಿನಗಳ ಪತ್ರಗಳಲ್ಲಿ ರಮಾಬಾಯಿ ಬಗ್ಗುವುದಿಲ್ಲ. ಒಬ್ಬ ಪುರೋಹಿತನ ನೊಗ ಕಳಚಿದ್ದು ಇನ್ನೊಬ್ಬ ಪುರೋಹಿತನ ನೊಗಕ್ಕೆ ಕತ್ತು ಕೊಡಲು ಅಲ್ಲ ಎಂಬುದು ಅವರ ವಾದದ ತಿರುಳು. ದೇವರನ್ನು ಒಪ್ಪಿದ್ದೇನೆ, ಆದರೆ ದೇವರ ಹೆಸರಲ್ಲಿ ಮಾತಾಡುವ ಎಲ್ಲರನ್ನೂ ಒಪ್ಪಿಲ್ಲ; ಓದಿ, ಯೋಚಿಸಿ, ಮನಸ್ಸು ಒಪ್ಪಿದ್ದನ್ನು ಮಾತ್ರ ಒಪ್ಪುತ್ತೇನೆ. ಸಿಸ್ಟರ್ ಜೆರಾಲ್ಡಿನ್ ಇದನ್ನು ಹಟ, ಗರ್ವ ಎಂದು ಕರೆದರು. ಉಡುಪಿಯ ಸಭೆಯಲ್ಲಿ ಅನಂತ ಶಾಸ್ತ್ರಿಗಳ ಬಗ್ಗೆಯೂ ಯಾರೋ ಅದೇ ಮಾತು ಆಡಿರಬೇಕು ಎಂದು ನನಗನ್ನಿಸುತ್ತದೆ. "ಎಲ್ಲಿದೆ ತೋರಿಸಿ" ಎಂಬ ಅಪ್ಪನ ಮಾತನ್ನು ಮಗಳು ಇನ್ನೊಂದು ಮತದ ಮುಂದೆ, ಇನ್ನೊಂದು ಭಾಷೆಯಲ್ಲಿ ಹೇಳುತ್ತಿದ್ದಳು.

1886ರ ಮಾರ್ಚ್‌ನಲ್ಲಿ ಅವರು ಅಮೆರಿಕಕ್ಕೆ ಹೋದರು, ಡಾಕ್ಟರಾಗಿ ಪದವಿ ಪಡೆಯುತ್ತಿದ್ದ ಬಂಧು ಆನಂದಿಬಾಯಿ ಜೋಶಿಯ ಸಮಾರಂಭಕ್ಕೆಂದು. ಕೆಲವು ತಿಂಗಳು ಎಂದುಕೊಂಡದ್ದು ಎರಡು ವರ್ಷ ದಾಟಿತು. ಅಲ್ಲೇ 'ದಿ ಹೈ ಕಾಸ್ಟ್ ಹಿಂದೂ ವುಮನ್' ಪುಸ್ತಕ ಬರೆದರು, ಊರೂರು ತಿರುಗಿ ಭಾಷಣ ಮಾಡಿದರು. ಬಾಲವಿಧವೆಯರ ಶಾಲೆಗೆ ಹಣ ಕೂಡಿಸಲು 1887ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು.

ಅದೇ ಡಿಸೆಂಬರ್‌ನ 5ನೆಯ ತಾರೀಕು ಅಮೆರಿಕದ ಇನ್ನೊಂದು ಮೂಲೆಯಲ್ಲಿ, ಸಾಲ್ಟ್ ಲೇಕ್ ಸಿಟಿಯಲ್ಲಿ, ಎಲೈಜಾ ಸ್ನೋ ಎಂಬ ಮುದುಕಿ ತೀರಿಕೊಂಡರು. ನನ್ನ ಪ್ರಬಂಧದಲ್ಲಿ ಹೋಲಿಕೆಗೆಂದು ಹತ್ತೊಂಬತ್ತನೆಯ ಶತಮಾನದ ಧಾರ್ಮಿಕ ಪಂಥಗಳ ಮಹಿಳಾ ನಾಯಕಿಯರನ್ನು ಓದುವಾಗ ಸಿಕ್ಕವರು ಅವರು. ಜೋಸೆಫ್ ಸ್ಮಿತ್ 1830ರಲ್ಲಿ ಶುರು ಮಾಡಿದ ಮಾರ್ಮನ್ ಪಂಥದ ಕವಯಿತ್ರಿ. 1842ರ ಮಾರ್ಚ್ 17ರಂದು ಆ ಪಂಥದ ಹೆಂಗಸರು ಬಡವರ ನೆರವಿಗೆಂದು 'ರಿಲೀಫ್ ಸೊಸೈಟಿ' ಕಟ್ಟಿದಾಗ ಎಲೈಜಾ ಅದರ ಕಾರ್ಯದರ್ಶಿ, ನಡಾವಳಿ ಬರೆಯುವವರು. ಮೂರು ವರ್ಷಗಳಲ್ಲಿ ಪಂಥದ ಗಂಡಸರು ಸಂಘವನ್ನು ನಿಲ್ಲಿಸಿದರು. ಊರಿನಿಂದ ಓಡಿಸಲ್ಪಟ್ಟು ಜನ ಬಂಡಿ ಕಟ್ಟಿಕೊಂಡು ಸಾವಿರಕ್ಕೂ ಹೆಚ್ಚು ಮೈಲಿ ಪಶ್ಚಿಮಕ್ಕೆ ಹೊರಟಾಗ ಎಲೈಜಾ ಆ ನಡಾವಳಿ ಪುಸ್ತಕವನ್ನು ಕಾಪಾಡಿ ಜೊತೆಗೊಯ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಸಂಘಕ್ಕೆ ಮತ್ತೆ ಜೀವ ಬಂದಾಗ ಊರೂರಿಗೆ ಅದನ್ನೇ ಹೊತ್ತುಕೊಂಡು ಹೋಗಿ, ನಮಗೆ ಅಧಿಕಾರ ಕೊಟ್ಟದ್ದು ಇಲ್ಲಿ ಬರೆದಿದೆ ಎಂದು ಓದಿ ತೋರಿಸಿದರು. ವಿಚಿತ್ರವೆಂದರೆ, ಆ ನಡಾವಳಿಯಲ್ಲಿ ಸ್ಮಿತ್ ಅಧಿಕಾರದ ಕೀಲಿಯನ್ನು ಹೆಂಗಸರಿಗೇ ಒಪ್ಪಿಸಿದಂತಿದ್ದ ಮಾತನ್ನು ಪಂಥದ ಅಧಿಕೃತ ಇತಿಹಾಸ ಬರೆದವರು ಹೆಂಗಸರ ಪರವಾಗಿ ತಿರುಗಿಸಿದ ಕೀಲಿಯಾಗಿ ತಿದ್ದಿದ್ದರು. 1870ರಲ್ಲೇ ಯೂಟಾದ ಹೆಂಗಸರಿಗೆ ಮತದ ಹಕ್ಕು ಸಿಕ್ಕಿತು. ಅದೇ ಎಲೈಜಾ, ಸ್ಮಿತ್‌ರ ಹಲವು ಹೆಂಡತಿಯರಲ್ಲಿ ಒಬ್ಬರಾಗಿದ್ದವರು, ಬಹುಪತ್ನಿತ್ವವನ್ನು ಕೊನೆಯವರೆಗೂ ಸಮರ್ಥಿಸಿದರು.

ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ರಮಾಬಾಯಿ ಹೆಚ್ಚು ಸ್ಪಷ್ಟವಾಗಿ ಕಂಡರು. ಎಲೈಜಾ ತನ್ನ ಪಂಥದೊಳಗೇ ನಿಂತು, ಗಂಡಸರು ಕೊಟ್ಟ ಮಾತನ್ನು ಅವರಿಗೇ ನೆನಪಿಸಿ, ಹೆಂಗಸರಿಗೆ ಜಾಗ ಮಾಡಿಕೊಟ್ಟರು. ಅದರ ಬೆಲೆಯಾಗಿ ಕೆಲವು ಪ್ರಶ್ನೆಗಳನ್ನು ಕೇಳಲಿಲ್ಲ. ರಮಾಬಾಯಿ ಕೇಳದೆ ಬಿಟ್ಟ ಪ್ರಶ್ನೆ ಕಡಿಮೆ. ಅದರ ಬೆಲೆಯಾಗಿ ಅವರಿಗೆ ತನ್ನವರು ಎನ್ನುವ ಒಂದು ಗುಂಪು ಬಹುಕಾಲ ಇರಲೇ ಇಲ್ಲ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಪುಣೆಗೆ ಬಂತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಬಾಲವಿಧವೆ ಗೋದೂಬಾಯಿಯೇ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದ ಆನಂದಿಬಾಯಿ. ಇಲ್ಲಿ ಮತಪ್ರಚಾರ ಇಲ್ಲ ಎಂಬ ಮಾತಿನ ಮೇಲೆ ರಾನಡೆ, ಭಂಡಾರ್ಕರ್ ಅವರಂಥವರು ಸಲಹಾ ಸಮಿತಿಯಲ್ಲಿದ್ದರು. ರಮಾಬಾಯಿ ತನ್ನ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂತರು. ಟಿಳಕರ 'ಕೇಸರಿ' ಕಟುವಾಗಿ ಬರೆಯಿತು. 1893ರಲ್ಲಿ ಸಮಿತಿ ರಾಜೀನಾಮೆ ಕೊಟ್ಟಿತು, ಪಾಲಕರು ಹುಡುಗಿಯರನ್ನು ಕರೆದೊಯ್ದರು. ಬಾಗಿಲು ಮುಚ್ಚಿ ಎಂದರೆ ನನ್ನ ನಂಬಿಕೆಯನ್ನು ಬಚ್ಚಿಡು ಎಂದಂತೆ ಎಂದು ಆಕೆ. ಬಾಗಿಲು ತೆರೆದಿಟ್ಟದ್ದೇ ಕರೆದಂತೆ ಎಂದು ಅವರು. ಈ ಜಗಳದಲ್ಲಿ ಎರಡೂ ಕಡೆಯ ಮಾತಿನಲ್ಲಿ ನಿಜವಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆಮೇಲೆ ಮತ್ತೆ ಬರ.

1896–97ರಲ್ಲಿ ಮಧ್ಯ ಪ್ರಾಂತ್ಯಗಳಲ್ಲಿ ಹಸಿವು ಹಬ್ಬಿದ ಸುದ್ದಿ ಕೇಳಿದಾಗ ರಮಾಬಾಯಿ ಹೊರಟು ನಿಂತರು. ಚಟ್ಟವನ್ನು ತಲೆಯ ಮೇಲೆ ಹೊತ್ತ ಹುಡುಗಿಗೆ ಬರ ಎಂದರೆ ವರದಿಯಲ್ಲಿ ಓದುವ ಸಂಗತಿಯಾಗಿರಲಿಲ್ಲ. ಅನಾಥ ಹುಡುಗಿಯರನ್ನು ದಲ್ಲಾಳಿಗಳು ಕೊಂಡೊಯ್ಯುವುದನ್ನು ಕಂಡು, ನೂರಾರು ಮಂದಿಯನ್ನು ಪುಣೆಯ ಹತ್ತಿರದ ಕೇಡಗಾಂವಿಗೆ ಕರೆತಂದರು. ಅಲ್ಲಿ ಹುಟ್ಟಿದ್ದು ಮುಕ್ತಿ. 1900ರ ಗುಜರಾತಿನ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು. ಬಾವಿ ತೋಡಿಸಿದರು, ಹೊಲ ಮಾಡಿಸಿದರು. ಮಗ್ಗ, ಎಣ್ಣೆಗಾಣ, ಹೈನು, ಅಚ್ಚುಕೂಟ, ಕುರುಡು ಹುಡುಗಿಯರಿಗೆ ಬ್ರೈಲ್ ಪಾಠ, ಸಮಾಜ ಹೊರಹಾಕಿದ ಹೆಂಗಸರಿಗೆ ಕೃಪಾ ಸದನ. ಜಾತಿ ಕೇಳದೆ ಒಂದೇ ಪಂಕ್ತಿಯಲ್ಲಿ ಊಟ. ಇದನ್ನೆಲ್ಲ ನಡೆಸಿದ್ದು ಹೆಂಗಸರು.

ಆದರೆ ಮುಕ್ತಿ ಶಾರದಾ ಸದನವಲ್ಲ. ಅದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಹಸಿವಿನಿಂದ ಬಂದ ಹುಡುಗಿಯರು ಅಲ್ಲಿ ಸಾಮೂಹಿಕವಾಗಿ ದೀಕ್ಷೆ ಪಡೆದರು. ಬದುಕಿಡೀ ಇನ್ನೊಬ್ಬರ ಅಧಿಕಾರವನ್ನು ಪ್ರಶ್ನಿಸಿದ ಈ ಹೆಣ್ಣನ್ನೇ ನಾನು ಅದೇ ಪ್ರಶ್ನೆ ಕೇಳಬೇಕಲ್ಲವೇ? ವೇದವನ್ನು ಓದಿ, ಬೈಬಲನ್ನು ಓದಿ, ಬಿಷಪ್ಪರ ಜೊತೆ ವಾದಿಸಿ ತನ್ನ ನಂಬಿಕೆಯನ್ನು ಆರಿಸಿಕೊಂಡವರು ಅವರು. ಹತ್ತು ವರ್ಷದ, ಹೊಟ್ಟೆ ಬೆನ್ನಿಗಂಟಿದ ಹುಡುಗಿಗೆ ಅಂಥ ಆಯ್ಕೆ ಎಲ್ಲಿಂದ ಬರಬೇಕು? ಇದನ್ನು ನನ್ನ ಅಧ್ಯಾಯದಲ್ಲಿ ಬರೆದಾಗ ಮಾರ್ಗದರ್ಶಕರು ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಮಾತು ಗುರುತು ಹಾಕಿದ್ದರು: ಆ ಹುಡುಗಿಗೆ ಬೇರೆ ಯಾವ ಬಾಗಿಲು ತೆರೆದಿತ್ತು ಅದನ್ನೂ ಬರಿ. ಎರಡನ್ನೂ ಬರೆದಿದ್ದೇನೆ. ಒಂದನ್ನು ಇನ್ನೊಂದರಿಂದ ಅಳಿಸಲು ನನಗೆ ಆಗಿಲ್ಲ.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಆಗಲೇ ಇದ್ದ ಅನುವಾದದ ಸಂಸ್ಕೃತಮಯ ಭಾಷೆ ಹಳ್ಳಿಯ ಹೆಂಗಸಿಗೆ ತಿಳಿಯದು ಎಂಬುದು ಅವರ ತಕರಾರು. ಸಂಸ್ಕೃತದಲ್ಲಿ ಪಂಡಿತೆ ಎನಿಸಿಕೊಂಡವರೇ ಸಂಸ್ಕೃತ ಶಬ್ದಗಳನ್ನು ಒಂದೊಂದಾಗಿ ತೆಗೆದು ಆಡುಮಾತು ಹುಡುಕಿದರು. ಮುಕ್ತಿಯ ಹುಡುಗಿಯರೇ ಮೊಳೆ ಜೋಡಿಸಿದರು, ಅಚ್ಚು ಹಾಕಿದರು. ಇದರ ನಡುವೆ, 1912–13ರ ಸುಮಾರಿಗೆ, ಆಗ ನಿಜಾಮನ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು, ಮಗಳು ಮನೋರಮಾಳ ಮೇಲ್ವಿಚಾರಣೆಯಲ್ಲಿ. ಬೆತ್ತದ ಬುಟ್ಟಿಯಲ್ಲಿ ಘಟ್ಟ ಇಳಿದ ಕೂಸು, ಅರ್ಧ ಶತಮಾನ ದಾಟಿದ ಮೇಲೆ, ಕನ್ನಡದ ನೆಲಕ್ಕೆ ಹೀಗೆ ಮರಳಿತು. 1921ರಲ್ಲಿ ಮನೋರಮಾ ತೀರಿಕೊಂಡಳು. 1922ರ ಏಪ್ರಿಲ್ 5ರಂದು ರಮಾಬಾಯಿ. ಬೈಬಲ್ ಪೂರ್ತಿಯಾಗಿ ಹೊರಬಂದದ್ದು ಅವರು ಹೋದ ಮೇಲೆ.

ರಮಾಬಾಯಿಯವರನ್ನು ಯಾರ ಲೆಕ್ಕಕ್ಕೆ ಸೇರಿಸಬೇಕು ಎಂಬ ಗೊಂದಲ ಇನ್ನೂ ಮುಗಿದಿಲ್ಲ. ಸುಧಾರಕರ ಇತಿಹಾಸಕ್ಕೆ ಆಕೆ ಕ್ರೈಸ್ತೆ, ಚರ್ಚಿನ ಇತಿಹಾಸಕ್ಕೆ ಹಟಮಾರಿ, ಮರಾಠಿಗೆ ಕರ್ನಾಟಕದ ಕಾಡಿನಲ್ಲಿ ಹುಟ್ಟಿದವಳು, ಕನ್ನಡಕ್ಕೆ ಮರಾಠಿಯವಳು. ಎರಡು ನಾಲಿಗೆಯ ಮನೆಯಲ್ಲಿ ಬೆಳೆದ ನನಗೆ ಈ ಕೊನೆಯದು ಸ್ವಲ್ಪ ಹೆಚ್ಚೇ ಚುಚ್ಚುತ್ತದೆ. ಉಡುಪಿಯಲ್ಲಿ ಅನಂತ ಶಾಸ್ತ್ರಿಗಳು ನಿಂತ ಆ ಸಭೆ ನಮ್ಮ ಇತಿಹಾಸವೂ ಹೌದು. ಹೆಣ್ಣಿನ ಓದಿನ ಬಗ್ಗೆ ಈ ನೆಲದಲ್ಲಿ ನಡೆದ ವಾದಗಳ ಪಟ್ಟಿ ಮಾಡುವಾಗ ಅದನ್ನು ಬಿಟ್ಟರೆ ಪಟ್ಟಿ ಅಪೂರ್ಣ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆಜಿಗೆ ಪೂರ್ತಿ ಕಥೆ ಹೇಳಿದೆ. ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ. ಮತ ಬಿಟ್ಟ ಭಾಗ ಬಂದಾಗ ಮುಖ ಗಂಟಿಕ್ಕಿದಳು. ಮೊಟ್ಟೆಯ ಪುಡಿಂಗ್ ಬಂದಾಗ ನಕ್ಕಳು. ತಾಯಿಯ ಚಟ್ಟದ ಭಾಗ ಬಂದಾಗ ಏನೂ ಮಾತಾಡದೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಎಲ್ಲ ಮುಗಿದ ಮೇಲೆ ಬೆಟ್ಟದ ಕಡೆ ತಿರುಗಿ, ನಾನು ಮರೆತಿದ್ದೇನೆಂದುಕೊಂಡಿದ್ದಳೋ ಏನೋ, ಮೆಲ್ಲಗೆ ಹೇಳಿದಳು.

"ನೀನೂ ಸಣ್ಣಾಕಿ ಇದ್ದಾಗ ಹಿಂಗ ಕೇಳಿದ್ದಿ. ನನಗ ಉತ್ತರ ಗೊತ್ತಿರಲಿಲ್ಲ. ಹಿರೇರು ಅಂತ ಹೇಳಿಬಿಟ್ಟೆ."

ನಾನು ಅವಳ ಕೈ ಹಿಡಿದುಕೊಂಡು ಕೂತೆ. ಹೊರಗೆ ಅದಿರು ತುಂಬಿದ ಗೂಡ್ಸ್ ರೈಲು ಹೋಗುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.